ಖಾಲಿ ಚೌಕಗಳು

ನಮ್ಮ ಕೇರಿಯಲ್ಲಿ ಬಿ.ಎಸ್ಸಿ. ಮುಗಿಸಿದವರಲ್ಲಿ ನಾನೇ ಮೊದಲಿಗ. ಅಪ್ಪ ದೊಡವಾಡದಲ್ಲಿ ಚರ್ಮ ಹದ ಮಾಡುತ್ತಿದ್ದ. ನಾನು ಬೈಲಹೊಂಗಲದ ಕಾಲೇಜಿನ ಪ್ರಯೋಗಾಲಯದಲ್ಲಿ ಹುಡುಗರಿಗೆ ಸೂಕ್ಷ್ಮದರ್ಶಕ ಕಲಿಸುತ್ತಿದ್ದೆ. ಎಪ್ಪತ್ತರ ದಶಕದ ನಡುವೆ ನಮ್ಮಲ್ಲಿಗೆ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕ ಬಂತು. ಹಳೆಯದರಲ್ಲಿ ಜೀವಕೋಶ ಸರಿಯಾಗಿ ಕಾಣಬೇಕಾದರೆ ಬಣ್ಣ ಹಾಕಿ ಅದನ್ನು ಕೊಲ್ಲಬೇಕಿತ್ತು. ಹೊಸದರಲ್ಲಿ ಜೀವಂತ ಕೋಶವೇ ಸುತ್ತ ಬೆಳ್ಳಿಯ ಅಂಚು ಕಟ್ಟಿಕೊಂಡು ಎದ್ದು ಕಾಣುತ್ತಿತ್ತು. ಪಶು ಆಸ್ಪತ್ರೆಯಿಂದ ಹೋರಿಯ ವೀರ್ಯ ತಂದು, ಚೌಕ ಕೊರೆದ ಗಾಜಿನ ಮೇಲೆ ಹನಿ ಬಿಟ್ಟು ವೀರ್ಯಾಣು ಎಣಿಸುವುದನ್ನು ಕಲಿಯುತ್ತಿದ್ದೆ.

ಅಕ್ಕನನ್ನು ಸುರೇಬಾನಕ್ಕೆ ಕೊಟ್ಟಿತ್ತು. ಮಕ್ಕಳಾಗಲಿಲ್ಲವೆಂದು ಅವಳ ಗಂಡ, ನನ್ನ ಮಾವ, ಅವಳನ್ನು ಬಾರಕೋಲಿನಿಂದ ಬಡಿಯುತ್ತಿದ್ದ. ಒಮ್ಮೆ ಒಲೆಯ ಕೊಳ್ಳಿಯನ್ನು ತೊಡೆಗೆ ಒತ್ತಿದ್ದ. ಅವಳನ್ನು ಹೊರಗೆ ಹಾಕಿ ಬೇರೆ ಹೆಣ್ಣು ತರುವುದೆಂದು ಮಾತು ಮುಗಿದಾಗ, ದೋಷ ಯಾರದೆಂದು ನನ್ನ ಮಶೀನು ಹೇಳಲಿ ಎಂದೆ. ಅವನು ನಗುತ್ತಲೇ ಬಂದ. ಅಂಗಿಯೊಳಗೆ ವೀರ್ಯದ ಬಾಟಲಿ, ಹಿಂದೆ ಅಕ್ಕ.

"ಡಿಗ್ರಿ ಸಾಹೇಬ, ಗಂಡಸ್ತನ ಅಳೀತೈತೇನು ನಿನ್ನ ಮಶೀನು?"

ಮೂರು ಹನಿ ನೋಡಿದೆ. ಮೂರರಲ್ಲೂ ಚೌಕಗಳು ಖಾಲಿ. ಮಶೀನೇ ಕೆಟ್ಟಿದೆಯೇನೋ ಎಂದು ಹೋರಿಯ ಹನಿ ಇಟ್ಟು ನೋಡಿದೆ. ಗಿಜಿಗಿಜಿ ಎನ್ನುತ್ತಿತ್ತು. ಅಷ್ಟರಲ್ಲಿ ಮಾವ ನನ್ನನ್ನು ದಬ್ಬಿ ಕಣ್ಣಿಟ್ಟ.

"ಹೌದಲೇ! ಏಸು ಹರದಾಡಾಕ ಹತ್ತ್ಯಾವ ನೋಡು!" ಜಗಲಿಯಲ್ಲಿ ಕೂತಿದ್ದ ಅಕ್ಕನ ತುರುಬು ಹಿಡಿದು ಎಳೆತಂದು, ಮೂಗಿನಲ್ಲಿ ರಕ್ತ ಬರುವಂತೆ ಅವಳ ಮುಖವನ್ನು ಮಶೀನಿಗೆ ಗುದ್ದಿದ. "ಕಣ್ಣ ತಗದು ನೋಡ, ಬಂಜಿ!"

"ಮಾವಾ, ಅವು ಹೋರಿವು," ಎಂದೆ. "ನಿಮ್ಮ ಹನಿಯೊಳಗ ಒಂದೂ ಇಲ್ರಿ."

"ಬಸ್ಸಿನ ಧಗಿಗೆ ಸತ್ತಿರಬೇಕು."

"ಸತ್ತಿದ್ರ ಹೆಣಾ ಕಾಣಬೇಕಿತ್ರಿ. ಈ ಮಶೀನು ಹೆಣಾನೂ ತೋರಸ್ತೈತಿ."

ಮೊದಲ ಏಟಿಗೇ ನನ್ನ ಎರಡು ಹಲ್ಲು ಹೋದವು. ಕೆಳಗೆ ಬಿದ್ದವನ ಪಕ್ಕೆಗೆ ಒದ್ದ, ಎದೆಯ ಮೇಲೆ ಕುಳಿತು ಗಂಟಲು ಒತ್ತಿದ. ಕಣ್ಣಿಗೆ ಕತ್ತಲೆ ಕವಿಯಿತು. ಅದರೊಳಗೇ ಅಕ್ಕ ಕಬ್ಬಿಣದ ಸ್ಟೂಲು ಎತ್ತಿದ್ದು ಕಂಡಿತು. ಅವನ ಮೊಣಕೈ ಮುರಿದದ್ದು ಹಸಿ ಕಟ್ಟಿಗೆ ಸೀಳಿದ ಹಾಗೆ ಕೇಳಿಸಿತು. ಅವನು ಚೀರಿದ. ಅವಳು ಇನ್ನೊಂದು ಕೊಟ್ಟಳು, ಭುಜಕ್ಕೆ. ನಾನು ತಡೆಯಲಿಲ್ಲ. ಇವತ್ತಿಗೂ ಅದಕ್ಕೆ ನಾಚಿಕೆಯಿಲ್ಲ.

ಜವಾನರು ಬಂದು ಅವನನ್ನು ಎತ್ತಿಕೊಂಡು ಹೋದರು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

"ತಮ್ಮಾ, ಅವಂದು ಇಡು. ನಾನೂ ನೋಡತೇನಿ."

ಬಾಯಿಯ ರಕ್ತ ಉಗುಳಿ ನಾಲ್ಕನೆಯ ಹನಿ ಇಟ್ಟೆ. ಚೌಕದಿಂದ ಚೌಕಕ್ಕೆ ಗಾಜು ಸರಿಸುತ್ತಾ ಹೋದೆ. ಅವಳು ಒಂದನ್ನೂ ಬಿಡದೆ ನೋಡಿದಳು. ಕೊಳ್ಳಿಯ ಗಾಯವಿದ್ದ ತೊಡೆಯ ಮೇಲೆ ಒಂದು ಕೈ ಊರಿದ್ದಳು.

"ಇಷ್ಟ ದಿನಾ..." ಎಂದಳು.

ಸಂಜೆ ಸುರೇಬಾನದ ದಾರಿಯ ರಾಮದುರ್ಗದ ಬಸ್ಸು ಹೋಯಿತು. ಅವಳು ಹತ್ತಲಿಲ್ಲ.