ಮಗಳು ಹೇಳಿದ ಹೊಟ್ಟೆನೋವು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಲಂಡನ್ನಿನ ರೇನರ್ಸ್ ಲೇನಿನ ಬಟ್ಟೆ ರಿಪೇರಿ ಅಂಗಡಿಯೊಂದರಲ್ಲಿ ಹೊಲಿಗೆಗೆ ಸೇರಿದೆ. ಪಕ್ಕದ ಮಿಷನ್ನಿನಲ್ಲಿ ನನಗಿಂತ ತುಸು ದೊಡ್ಡವಳಾದ ತುರ್ಕಿಯ ಹೆಂಗಸೊಬ್ಬಳು ಕೂರುತ್ತಿದ್ದಳು. ಅವಳನ್ನು ನಾನು ಅವಳ ಭಾಷೆಯಲ್ಲೇ ಅಬ್ಲಾ ಎಂದು ಕರೆಯುತ್ತಿದ್ದೆ, ಅಕ್ಕ ಎಂದರ್ಥ. ಅವಳ ಗಂಡ ಕಬಾಬ್ ಅಂಗಡಿಯಲ್ಲಿ ದುಡಿಯುತ್ತಿದ್ದ. ಮೊದಲು ತಾನೊಬ್ಬನೇ ಬಂದು, ಕೆಲವು ವರ್ಷಗಳ ಮೇಲೆ ಹೆಂಡತಿ ಮಗಳನ್ನು ಕರೆಸಿಕೊಂಡಿದ್ದ. ನಮ್ಮಿಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೆ ಇಬ್ಬರ ಡಬ್ಬಿಯಲ್ಲೂ ಬದನೆಕಾಯಿ, ಇಬ್ಬರಿಗೂ ಮೊಸರಿಲ್ಲದೆ ಊಟ ಮುಗಿಯದು. ಮಾತು ಬೆಳೆಯಲು ಅಷ್ಟು ಸಾಕಾಯಿತು.

ಅವಳ ಊರಿನಲ್ಲಿ ಸಂಜೆಯಾದರೆ ಬೀದಿಯ ಹೆಂಗಸರೆಲ್ಲ ಬಾಗಿಲ ಮೆಟ್ಟಿಲ ಮೇಲೆ ಕೂತು ಸೂರ್ಯಕಾಂತಿ ಬೀಜ ಸುಲಿಯುತ್ತ ಹರಟುತ್ತಿದ್ದರಂತೆ. ಇಲ್ಲಿ ಪಕ್ಕದ ಫ್ಲ್ಯಾಟಿನವರ ಮುಖವನ್ನೇ ಅವಳು ನೋಡಿರಲಿಲ್ಲ. ಎರಡನೆಯ ಚಳಿಗಾಲದ ಹೊತ್ತಿಗೆ ಹೊಲಿಯುತ್ತ ಹೊಲಿಯುತ್ತ ಮಿಷನ್ ನಿಲ್ಲಿಸಿ ಎದೆ ಒತ್ತಿಕೊಳ್ಳತೊಡಗಿದಳು. ಯಾರದೋ ಪ್ಯಾಂಟಿನ ಅಂಚು ಮಡಿಸುವಾಗ ಕಣ್ಣೀರು ಸುಮ್ಮನೆ ಇಳಿಯುತ್ತಿತ್ತು. "ಒಳಗೆ ಹೀಗೆ ಆಗುತ್ತೆ" ಎಂದು ಒದ್ದೆ ಬಟ್ಟೆ ಹಿಂಡುವಂತೆ ಕೈ ತಿರುಚಿ ತೋರಿಸುತ್ತಿದ್ದಳು.

"ಡಾಕ್ಟರ ಹತ್ರ ಹೋಗು ಅಬ್ಲಾ" ಅಂದೆ.

"ಹೋಗ್ತಾನೇ ಇದ್ದೀನಿ. ಮಗಳು ಜೊತೆಗೆ ಬಂದು ಎಲ್ಲಾ ಹೇಳ್ತಾಳೆ."

ಔಷಧಿ ಬಾಟಲಿ ತೋರಿಸಿದಳು. ರೆಸ್ಟೋರೆಂಟಿನ ಕೆಲಸದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ತಿಂದು ಹುಳಿತೇಗಿನಿಂದ ಒದ್ದಾಡುವ ನನ್ನ ಗಂಡ ಕುಡಿಯುತ್ತಿದ್ದ ಅದೇ ಬಿಳಿ ಔಷಧಿ. ಹಾಗೆಂದು ಹೇಳಿದರೆ, "ಡಾಕ್ಟರಿಗೆ ಗೊತ್ತಿರಲ್ವಾ?" ಎಂದು ನಕ್ಕುಬಿಟ್ಟಳು.

ಆ ವರ್ಷ ಹ್ಯಾರೋದಲ್ಲಿ ಅಲ್ಲಿನ ನಗರಸಭೆಯಾದ ಕೌನ್ಸಿಲ್ ನಡೆಸುತ್ತಿದ್ದ ಇಂಗ್ಲಿಷ್ ಕ್ಲಾಸಿಗೆ ಇಬ್ಬರೂ ಸೇರಿದೆವು. ಒಂದು ದಿನದ ಪಾಠ, ಡಾಕ್ಟರ ಹತ್ತಿರ ಮಾತಾಡುವುದು ಹೇಗೆ ಎಂದು. ಟೀಚರ್ ತಲೆ, ಎದೆ, ಹೊಟ್ಟೆ ಎಂದು ಒಂದೊಂದನ್ನೂ ಮುಟ್ಟಿ ತೋರಿಸಿ ಹೆಸರು ಹೇಳಿಸಿದರು. ಅಬ್ಲಾ ಪೆನ್ಸಿಲ್ ಕೆಳಗಿಟ್ಟಳು.

"ಸ್ಟಮಕ್ ಅಂದ್ರೆ ಇದಾ?" ಹೊಟ್ಟೆಯ ಮೇಲೆ ಕೈಯಿಟ್ಟು ನನ್ನನ್ನು ಕೇಳಿದಳು.

ಹೌದೆಂದೆ. ಅವಳು ಮತ್ತೆ ಪೆನ್ಸಿಲ್ ಮುಟ್ಟಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದಳು: "ನಂಗೆ ಬೆಳಿಗ್ಗೆ ಏಳೋಕೆ ಮನಸ್ಸಿಲ್ಲ, ಬದುಕೋಕೇ ಮನಸ್ಸಿಲ್ಲ ಅಂತ ಹೇಳು ಅಂತಿದ್ದೆ. ಮಗಳು ಸ್ಟಮಕ್, ಸ್ಟಮಕ್ ಅಂತಿದ್ಲು. ಡಾಕ್ಟರ್ ತಲೆ ಆಡಿಸ್ತಿದ್ರು. ನನ್ನ ಕಷ್ಟ ಒಬ್ಬರಿಗಾದ್ರೂ ಅರ್ಥ ಆಯ್ತಲ್ಲ ಅಂದ್ಕೊಂಡಿದ್ದೆ."

ಮರುದಿನ ಊದಿಕೊಂಡ ಕಣ್ಣುಗಳೊಂದಿಗೆ ಅಂಗಡಿಗೆ ಬಂದಳು. ರಾತ್ರಿ ಮಗಳನ್ನು ಕೇಳಿದಾಗ ಗೊತ್ತಾಯಿತಂತೆ, ಹಾಗೆ ಹೇಳಲು ಅವಳಿಗೆ ಕಲಿಸಿದ್ದು ಗಂಡ. ಅಮ್ಮನಿಗೆ ತಲೆ ಸರಿಯಿಲ್ಲ ಎಂದು ಡಾಕ್ಟರಿಗೆ ಗೊತ್ತಾದರೆ ಕೌನ್ಸಿಲ್‌ನವರು ಬಂದು ನಿನ್ನನ್ನು ಅಮ್ಮನಿಂದ ಬಿಡಿಸಿ ಕರೆದುಕೊಂಡು ಹೋಗುತ್ತಾರೆ ಎಂದು ಹೆದರಿಸಿದ್ದನಂತೆ. ತಮ್ಮ ಕಡೆಯವರ ಬಾಯಿಗೆ ಬೀಳುವ ಭಯ ಅವನದು. ಮಗಳಿಗೆ ಆಗ ಹನ್ನೆರಡು ವರ್ಷ.

"ಗಂಡ ಮುಚ್ಚಿಟ್ಟ, ಅವನು ಹಾಗೇ. ಆದ್ರೆ ಅವಳು? ನನ್ನ ಮುಖ ನೋಡ್ಕೊಂಡೇ ಬೇರೆ ಮಾತು ಹೇಳ್ತಿದ್ಲಲ್ಲ!"

ಅವಳ ಜೊತೆ ಡಾಕ್ಟರಲ್ಲಿಗೆ ನಾನು ಹೋಗುತ್ತೇನೆಂದಾಗ ನನ್ನ ಗಂಡ ಗೊಣಗಿದರು: "ಅವ್ರ್ ಮನಿ ಸುದ್ದಿ ನಮ್ಗ್ ಎಂತಕ್ಕೆ? ನೀ ಹೋಪ್ದ್ ಬ್ಯಾಡ." ನಾನು ಹೋದೆ. ಟರ್ಕಿಶ್ ಬಲ್ಲವರೊಬ್ಬರನ್ನು ಕರೆಸಿ ಎಂದು ನಾನು ತಡವರಿಸುತ್ತ ಕೇಳಿದರೆ, ಕೌಂಟರಿನ ಹುಡುಗಿ, ಯಾವಾಗಲೂ ಬರುವ ಮಗಳೇ ಇದ್ದಾಳಲ್ಲ, ಅವಳನ್ನೇ ಕರೆತನ್ನಿ ಅಂದಳು. ನಾನು ಬಾಯಿ ತೆರೆಯುವ ಮೊದಲೇ ಅಬ್ಲಾ ಜೋರಾಗಿ ಹೇಳಿದಳು: "ನೋ ಡಾಟರ್!" ಕೂತಿದ್ದವರೆಲ್ಲ ತಿರುಗಿ ನೋಡಿದರು.

ಕೆಲವು ವಾರ ಕಾದ ಮೇಲೆ ದುಭಾಷಿ ಹೆಂಗಸು ಸಿಕ್ಕಳು. ನಾನು ಹೊರಗೆ ಕೂತಿದ್ದೆ. ಬಾಗಿಲ ಆಚೆಯಿಂದ ಅಬ್ಲಾಳ ದನಿ ಎಡೆಬಿಡದೆ ಕೇಳುತ್ತಿತ್ತು. ಅವಳು ಅಷ್ಟು ಮಾತಾಡಬಲ್ಲಳೆಂದು ನನಗೆ ಗೊತ್ತೇ ಇರಲಿಲ್ಲ. ಸರಿಯಾದ ಔಷಧಿ ಶುರುವಾಯಿತು, ವಾರವಾರ ಒಬ್ಬರೊಡನೆ ಕೂತು ಮಾತಾಡುವ ಏರ್ಪಾಡೂ ಆಯಿತು. ಮಗಳನ್ನು ಯಾರೂ ಕರೆದೊಯ್ಯಲಿಲ್ಲ. ಬೇಸಿಗೆಯ ಹೊತ್ತಿಗೆ ಅಬ್ಲಾಗೆ ನಿದ್ದೆ ಬರತೊಡಗಿತು.

ಮಗಳೊಂದಿಗಿನ ಮಾತು ಮಾತ್ರ ಊಟ, ಸ್ಕೂಲು, ಬಟ್ಟೆಗಳಿಗೆ ನಿಂತುಬಿಟ್ಟಿತು. ವರ್ಷಗಳ ನಂತರ, ಅಕ್ಸ್‌ಬ್ರಿಡ್ಜಿನಲ್ಲಿ ಯೂನಿವರ್ಸಿಟಿ ಓದುತ್ತಿದ್ದ ಆ ಹುಡುಗಿ ಟ್ಯೂಬ್ ರೈಲಿನ ಸ್ಟೇಷನ್ನಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. "ಆಂಟಿ, ಅಮ್ಮ ಹುಷಾರಿಲ್ಲದಿದ್ರೂ ನನಗೆ ಹೇಳಲ್ಲ. ಅಪ್ಪ ಹೇಳಿದ್ದನ್ನ ನಂಬಿದೆ, ಅಷ್ಟೇ. ನನಗೂ ಅಪ್ಪ ಮೋಸಾನೇ ಮಾಡಿದ್ದಲ್ವಾ?" ನಾನು ಅವಳ ಕೈ ಹಿಡಿದುಕೊಂಡೆ.

ಅದನ್ನು ಅಬ್ಲಾಗೆ ಮುಟ್ಟಿಸಿದೆ. ಅವಳು ಹಲ್ಲಿನಿಂದ ದಾರ ಕಚ್ಚಿ ಕತ್ತರಿಸಿ, "ಗೊತ್ತು. ಅವಳ ತಪ್ಪಲ್ಲ ಅಂತ ನಂಗೂ ಗೊತ್ತು" ಅಂದಳು. ಸೂಜಿಗೆ ಮತ್ತೆ ದಾರ ಪೋಣಿಸುತ್ತ, "ಆದ್ರೂ ಅವಳೆದುರು ಬಾಯಿ ಬರಲ್ಲ" ಅಂದಳು.

ಮಗಳು ಪದವಿ ಪಡೆದ ದಿನ ಅಬ್ಲಾ ಹೊಸ ಕೋಟು ಹಾಕಿಕೊಂಡು ಹೋಗಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಳು. ಮುಂದಿನ ಚಳಿಗಾಲದಲ್ಲಿ ಎದೆ ಮತ್ತೆ ಹಿಂಡಿದಾಗ ಡಾಕ್ಟರಲ್ಲಿಗೆ ಒಬ್ಬಳೇ ಹೋಗಿಬಂದಳು. ಮಗಳಿಗೆ ಆ ವಿಷಯ ಗೊತ್ತಾದದ್ದು ನನ್ನಿಂದ.