ಲಾಟ್ವಿಯಾದ ಸಂತೆಯಲ್ಲಿ ನಾವು ಹಣ್ಣು ಮಾರಿದ್ದು

ಆ ವರ್ಷಗಳಲ್ಲಿ ಸಿಂಗಪುರದ ನಮ್ಮ ಕನ್ನಡದವರೆಲ್ಲ ರಜೆ ಬಂತೆಂದರೆ ಸ್ವಿಟ್ಜರ್ಲೆಂಡಿಗೆ ಹೊರಡುತ್ತಿದ್ದರು. ಕೈತುಂಬ ಬೋನಸ್ ಬರುತ್ತಿದ್ದ ಕಾಲ. ಯಾರದಾದರೂ ಕಾಂಡೋ ಫ್ಲ್ಯಾಟಿನಲ್ಲಿ ಊಟಕ್ಕೆ ಸೇರಿದರೆ ಬಿಸಿಬೇಳೆಭಾತಿನ ಜೊತೆ ಹಿಮದ ಫೋಟೋಗಳನ್ನೂ ಬಡಿಸುತ್ತಿದ್ದರು. ನಾವು ಲಾಟ್ವಿಯಾಕ್ಕೆ ಹೋಗುತ್ತಿದ್ದೇವೆ ಎಂದಾಗ ಒಬ್ಬ ಆಂಟಿ, "ಲಾವೋಸಾ? ಅಲ್ಲೇನಮ್ಮಾ ಇದೆ ನೋಡಕ್ಕೆ?" ಎಂದರು.

ಹೊರಡಲು ಕಾರಣ ನನ್ನ ಸಹೋದ್ಯೋಗಿ. ಚಾಂಗಿಯ ಬ್ಯಾಂಕ್ ಆಫೀಸಿನಲ್ಲಿ ಅವಳದು ನನ್ನ ಪಕ್ಕದ ಸೀಟು. ಬಾಲ್ಟಿಕ್ ಸಮುದ್ರದ ಕಡೆಯ ಆ ಪುಟ್ಟ ದೇಶದಲ್ಲಿ ಹುಟ್ಟಿ, ಇಲ್ಲಿನ ಚೀನೀ ಹುಡುಗನನ್ನು ಮದುವೆಯಾಗಿದ್ದಳು. ಪ್ರತಿ ಬೇಸಿಗೆಗೂ ಊರಿಗೆ ಹೋಗುವವಳು, ಆ ಸಲ ತುಂಬು ಬಸುರಿ.

"ನನ್ ಬದಲು ನೀವು ಹೋಗ್ಬನ್ನಿ. ಮನೆ ಮುಂದೆ ಕೆರೆ, ಹಿಂದೆ ಕಾಡು. ಅಮ್ಮಂಗೆ ಜನ ಬಂದ್ರೆ ಖುಷಿ," ಎಂದಳು. ನಾನು ಗಂಡನನ್ನೂ ಕೇಳದೆ ಹೂಂ ಅಂದುಬಿಟ್ಟೆ.

ರೀಗಾದಲ್ಲಿ ಬಾಡಿಗೆ ಕಾರು ಹಿಡಿದು ಪೂರ್ವಕ್ಕೆ ಹೊರಟೆವು. ನನ್ನ ಗಂಡ ಜೀವಮಾನದಲ್ಲಿ ಮೊದಲ ಬಾರಿ ರಸ್ತೆಯ ಬಲಗಡೆ ಓಡಿಸುತ್ತಿದ್ದರು, ನಾನು ದಾರಿಯುದ್ದಕ್ಕೂ "ಬಲಕ್ಕೆ, ಬಲಕ್ಕೆ" ಎಂದು ಜಪ ಮಾಡುತ್ತಿದ್ದೆ. ಕೆರೆಯೊಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಕೆರೆ. ನಡುವೆ ಬಿಳಿ ತೊಗಟೆಯ ಬರ್ಚ್ ಮರಗಳು, ಒಂದೇ ಬೀದಿಯ ಊರುಗಳು, ಮನೆ ಮುಂದೆ ಸೌದೆಯ ಒಟ್ಟಿಲು. ಎದುರಿಗೆ ಒಂದು ಕಾರು ಬಂದರೆ ನೆಂಟರನ್ನು ಕಂಡಷ್ಟು ಸಂತೋಷವಾಗುತ್ತಿತ್ತು.

ಸಹೋದ್ಯೋಗಿಯ ತಾಯಿ ಗಟ್ಟಿ ಹೆಂಗಸು. ಊರ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದರು. ಬೇಸಿಗೆ ರಜೆಯಲ್ಲಿ ಕಾಡಿನ ಹಣ್ಣು ಆರಿಸಿ ಸಂತೆಗೆ ಒಯ್ಯುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು, ನಮಗೆ ಅವರ ಭಾಷೆ ಬಾರದು. ತೀರಾ ತೊಡಕಾದಾಗ ಸಿಂಗಪುರಕ್ಕೆ ಫೋನ್ ಮಾಡಿ ಮಗಳ ಕೈಲಿ ಹೇಳಿಸುತ್ತಿದ್ದರು. ಮಿಕ್ಕ ಹೊತ್ತೆಲ್ಲ ಆಲೂಗಡ್ಡೆ ಬಡಿಸಿ, ನಾವು ತಿನ್ನುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು.

ಮಾರನೆಯ ದಿನ ನಮ್ಮನ್ನು ಹಣ್ಣು ಕೀಳಲು ಕರೆದೊಯ್ದರು. ಮೊಣಕಾಲೆತ್ತರದ ಗಿಡಗಳ ತುಂಬ ಕಪ್ಪು-ನೀಲಿ ಹಣ್ಣುಗಳು, ಬಟಾಣಿ ಗಾತ್ರದವು. ಅವರು ಅದನ್ನು "ಮೆಲ್ಲೆನೆಸ್" ಅಂದರು. "ನೋಡೇ, ಕನ್ನಡದ ಹಾಗೇ ಇದೆ, ಮೆಲ್ಲನೆ ಮೆಲ್ಲಬೇಕು!" ಎಂದು ಗಂಡ ಹಿಗ್ಗಿದರು. ನಮ್ಮ ಆರು ವರ್ಷದ ಮಗಳು ಮಾತ್ರ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದಳು. ಸಿಂಗಪುರದ ಟ್ಯಾಂಪಿನೀಸ್ ಬಡಾವಣೆಯ ನಮ್ಮ ಬ್ಲಾಕಿನ ಕೆಳಗಿನ ಮರದಿಂದ ಬಿದ್ದ ಮಾವಿನಕಾಯಿಯನ್ನೂ ಮುಟ್ಟದೆ ಬೆಳೆದವಳು ಅವಳು.

"ಪ್ಲಕ್ ಮಾಡ್ಬಾರ್ದು ಲಾ ಮಮ್ಮಿ. ಫೈನ್ ಹಾಕ್ತಾರೆ," ಎಂದಳು, ಅಲ್ಲಿನವರ ಹಾಗೆ ಮಾತಿಗೊಂದು 'ಲಾ' ಸೇರಿಸಿ.

"ಇಲ್ಲಿ ಯಾರೂ ಹಾಕಲ್ಲ ಪುಟ್ಟಿ."

"ಬೋರ್ಡ್ ಎಲ್ಲಿದೆ ಹಾಗಂತ?"

ಆ ಅಮ್ಮ ನಮ್ಮ ವಾದ ಮುಗಿಯಲು ಕಾಯಲಿಲ್ಲ. ಒಂದು ಹಣ್ಣು ಕಿತ್ತು ಮಗುವಿನ ಬಾಯಿಗೆ ತುರುಕಿದರು. ಆಮೇಲೆ ಅವಳನ್ನು ಕಾಡಿನಿಂದ ಹೊರಡಿಸುವುದೇ ಕಷ್ಟವಾಯಿತು.

ಮರುದಿನ ಸಂತೆ. ಬೆಳಗ್ಗೆ ಎದ್ದರೆ ಆ ಅಮ್ಮನ ಸೊಂಟ ಹಿಡಿದುಕೊಂಡಿತ್ತು. ಗೋಡೆ ಹಿಡಿದು ನಿಂತು ಮಗಳಿಗೆ ಫೋನ್ ಮಾಡಿದರು, ಜೋರಾಗಿ ಮಾತಾಡಿದರು, ಫೋನನ್ನು ನನ್ನ ಕೈಗಿಟ್ಟರು.

"ಏನಂತೆ?" ಎಂದೆ.

"ಹಣ್ಣು ನಾಳೆಗೆ ಕೆಟ್ಟೋಗುತ್ತೆ, ಬಕೆಟ್ ಕಾರಿಗಿಡಿ ನಾನೇ ಹೋಗ್ತೀನಿ ಅಂತಿದಾಳೆ. ನೀವೇ ಸ್ವಲ್ಪ ಬುದ್ಧಿ ಹೇಳಿ," ಎಂದಳು ಸಹೋದ್ಯೋಗಿ.

"ಮಲ್ಕೊಳಕ್ಕೆ ಹೇಳು. ನಾವು ಮಾರ್ಕೊಂಡ್ ಬರ್ತೀವಿ."

"ನೀವಾ?"

ಹಾಗೆ ಕೇಳಿದ ಮೇಲೆ ನಾನು ಹಿಂದೆ ಸರಿಯುವ ಮಾತೇ ಇರಲಿಲ್ಲ.

ಪಟ್ಟಣದ ಚರ್ಚಿನ ಪಕ್ಕದ ಬಯಲಲ್ಲಿ ಸಂತೆ. ಸೌತೆಕಾಯಿ, ಹೊಗೆ ಹಾಕಿದ ಮೀನು, ಹೂವು. ಬಕೆಟ್ಟಿನ ಹಣ್ಣನ್ನು ಜಾಡಿಗಳಿಗೆ ತುಂಬಿ, ಒಂದು ಹಲಗೆಯ ಮೇಲಿಟ್ಟು ನಿಂತೆವು. ಚೂಡಿದಾರದ ಮೇಲೆ ಸ್ವೆಟರ್ ಹಾಕಿದ್ದ ನನ್ನನ್ನು ಜನ ನೋಡುತ್ತಿದ್ದರು, ಹಣ್ಣನ್ನು ಯಾರೂ ನೋಡಲಿಲ್ಲ. ಬ್ಯಾಂಕಿನಲ್ಲಿ ಗಂಟೆಗಟ್ಟಲೆ ಪ್ರೆಸೆಂಟೇಶನ್ ಕೊಡುವ ನನಗೆ ಬಾಯಿಯೇ ಬರಲಿಲ್ಲ.

ಬಾಯಿ ಬಿಟ್ಟವಳು ಮಗಳು. ನಮ್ಮ ಮಾರ್ಕೆಟ್ಟಿನ ಮೀನಿನಂಗಡಿ ಅಂಕಲ್‌ನ ಧಾಟಿಯಲ್ಲೇ, ಹಲಗೆ ತಟ್ಟಿ, "ಮೆಲ್ಲೆನೆಸ್! ಮೆಲ್ಲೆನೆಸ್! ಕಮ್ ಕಮ್!" ಎಂದು ಕೂಗಿದಳು. ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಒಬ್ಬ ಅಜ್ಜ ನಿಂತರು. ನಾಲ್ಕು ಹಣ್ಣು ಬಾಯಿಗೆ ಹಾಕಿಕೊಂಡು, ನೀಲಿಯಾದ ನಾಲಿಗೆಯನ್ನು ಮಗಳಿಗೆ ತೋರಿಸಿದರು. ಅವಳೂ ತನ್ನ ನಾಲಿಗೆ ಚಾಚಿದಳು. ಅಜ್ಜ ಒಂದು ಜಾಡಿ ಕೊಂಡರು. ಅದನ್ನು ನೋಡಿ ಇಬ್ಬರು ಹೆಂಗಸರು ಬಂದರು, ಅವರ ಹಿಂದೆ ಮತ್ತಷ್ಟು ಜನ.

ಗಂಡನದೇ ತಾಪತ್ರಯ. ಬೆರಳೆಣಿಸಿ ಬೆಲೆ ತೋರಿಸುತ್ತಿದ್ದವರು, ಯಾರೂ ಚೌಕಾಸಿ ಮಾಡದಿದ್ದರೂ ತಾವಾಗಿಯೇ ಒಂದು ಬೆರಳು ಮಡಚಿ ಬೆಲೆ ಇಳಿಸುತ್ತಿದ್ದರು.

"ಅವ್ರು ಕೇಳ್ದೇನೇ ಯಾಕ್ರೀ ಕಮ್ಮಿ ಮಾಡ್ತೀರ?"

"ಪಾಪ, ವಯಸ್ಸಾದೋರು ಕಣೇ."

ಪಕ್ಕದಲ್ಲಿ ಜೇನು ಮಾರುತ್ತಿದ್ದ ಹೆಂಗಸು ಇದನ್ನು ನೋಡಿ ನೋಡಿ ಸಾಕಾಗಿ ಎದ್ದು ಬಂದರು. ನನ್ನ ಗಂಡನ ಮಡಚಿದ ಬೆರಳನ್ನು ಹಿಡಿದು ನೆಟ್ಟಗೆ ಮಾಡಿ, ಅವರ ಭಾಷೆಯಲ್ಲಿ ಚೆನ್ನಾಗಿ ಬೈದು, ಹಿಂದಕ್ಕೆ ಕೂರಿಸಿದರು. ಆ ಬೈಗುಳ ನಮಗೆ ಅಕ್ಷರ ಬಿಡದೆ ಅರ್ಥವಾಯಿತು.

ಮಧ್ಯಾಹ್ನದೊಳಗೆ ಎಲ್ಲ ಖಾಲಿ. ನನಗೆ ಆದ ಸಂತೋಷ ಯಾವ ಪ್ರಮೋಷನ್ನಿಗೂ ಆಗಿರಲಿಲ್ಲ. ವಾಪಸ್ ಬಂದಾಗ ಆ ಅಮ್ಮ ದಿಂಬಿಗೊರಗಿ ಕೂತಿದ್ದರು. ಮಗಳು ತಾನು ಕೂಗಿದ್ದು, ಅಜ್ಜನ ನಾಲಿಗೆ, ಅಪ್ಪನಿಗೆ ಬಿದ್ದ ಬೈಗುಳ ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. ಅವರು ಸೊಂಟ ಹಿಡಿದುಕೊಂಡೇ ನಕ್ಕರು, ನೋವಿಗೆ ನರಳಿದರು, ಮತ್ತೆ ನಕ್ಕರು. ಆಮೇಲೆ ಸಿಂಗಪುರಕ್ಕೆ ಫೋನ್ ಹೋಯಿತು.

"ಅಮ್ಮ ಏನಂತಿದಾಳೆ ಗೊತ್ತಾ?" ಎಂದಳು ಸಹೋದ್ಯೋಗಿ. "ಹುಡುಗೀನ ಇಲ್ಲೇ ಬಿಟ್ಟು ನೀವಿಬ್ರು ಹೊರಡ್ಬೋದಂತೆ. ನಿಮ್ ಯಜಮಾನ್ರು ಮಾತ್ರ ಇನ್ಮೇಲೆ ಸಂತೆ ಕಡೆ ತಲೆ ಹಾಕ್ಬಾರ್ದಂತೆ."

ಅಷ್ಟರಲ್ಲಿ ಅಪ್ಪ ಮಗಳು ಖಾಲಿ ಬಕೆಟ್ ತೊಳೆಯಲು ಕೆರೆಗೆ ಇಳಿದಿದ್ದರು. ನಾನೂ ಹೋಗಿ ಪೈಜಾಮ ಮೇಲೆತ್ತಿ ನೀರಿಗೆ ಕಾಲಿಟ್ಟೆ. ನೀರು ಎಷ್ಟು ತಣ್ಣಗಿತ್ತು ಅಂದರೆ, ನಾನು ಕಿರುಚಿದ್ದು ಕೆರೆಯ ಆಚೆ ದಡದವರೆಗೂ ಕೇಳಿಸಿರಬೇಕು.