ಖಡಿ ರಸ್ತೆಯ ಟಪಾಲಕ್ಕ

ಅಕ್ಕನ ಎಡ ಮೊಣಕೈಯ ಚರ್ಮದೊಳಗೆ ಒಂದು ಖಡಿಕಲ್ಲು ಇತ್ತು. ಕಡಲೆಬೇಳೆಯಷ್ಟು ದೊಡ್ಡದು. ಹೊರಗಿನಿಂದ ನೋಡಿದರೆ ನೀಲಿಗಟ್ಟಿದ ಸಣ್ಣ ಗಂಟು. ನಮ್ಮೂರ ಹಳೆಯ ಕೋಟೆಯ ಕೆಳಗಿನ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದಾಗ ಹೊಕ್ಕಿದ್ದು, ಗಾಯ ಅದನ್ನು ಒಳಗೇ ಇಟ್ಟುಕೊಂಡು ಮಾಯಿತು. ಶಿರಸಿಯ ಡಾಕ್ಟರು ಕೊಯ್ದು ತೆಗೆಯುತ್ತೇನೆ ಅಂದರೂ ಅಕ್ಕ ಒಪ್ಪಲಿಲ್ಲ. "ಇರ್ಲಿ ಬಿಡಿ. ನಮ್ಮೂರ ರಸ್ತೆಗೆ ಟಾರು ಬಿದ್ದ ದಿನ ಬಂದು ತೆಗಿಸ್ಕಳ್ತೆ" ಅಂದಳು. ಏನಾದರೂ ಯೋಚನೆ ಬಂದರೆ ಬಲಗೈ ಹೆಬ್ಬೆರಳಿನಿಂದ ಆ ಗಂಟನ್ನು ಆಚೀಚೆ ಸರಿಸುತ್ತ ಕೂರುತ್ತಿದ್ದಳು.

ಅವಳು ನಮ್ಮ ಹೊಳೆಸಾಲಿನ ಟಪಾಲು ಹಂಚುವವಳು. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಸಣ್ಣವರಿಗೂ ದೊಡ್ಡವರಿಗೂ ಟಪಾಲಕ್ಕ. ಹುಲೇಕಲ್ಲಿನ ಕಡೆಯಿಂದ ಬರುವ ಬಸ್ಸು ಕೋಟೆಯ ಬಾಗಿಲಿನ ಹತ್ತಿರ ಚೀಲ ಇಳಿಸಿ ತಿರುಗಿ ಹೋಗುತ್ತಿತ್ತು. ಟಾರು ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಹೊಳೆಯ ದಂಡೆಗುಂಟ ಒಂಬತ್ತು ಕಿಲೋಮೀಟರ್ ಖಡಿ, ನಲವತ್ತೊಂದು ಮನೆ. ಅಕ್ಕ ಸೀರೆಯ ಅಂಚಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ, ಅಪ್ಪ ಬಿಟ್ಟುಹೋದ ಗಂಡಸರ ಸೈಕಲ್ ಹತ್ತಿ, ಮೂವತ್ತು ವರ್ಷ ಆ ದಾರಿ ತುಳಿದಳು. ಏರಿನಲ್ಲಿ ನೇರ ಹತ್ತುತ್ತಿರಲಿಲ್ಲ. ಹಾವು ಹರಿದ ಹಾಗೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ತಿರುಗಿಸುತ್ತ ಹತ್ತುತ್ತಿದ್ದಳು. "ಖಡಿ ಸಂಗ್ತಿಗೆ ಜಗಳ ಆಡೂಕಾಗ ತಮಾ. ಅದು ಉರುಳಿದ ಬದಿಗೆ ನಾವೂ ಸ್ವಲ್ಪ ಹೋಗ್ಬೇಕು" ಅನ್ನುತ್ತಿದ್ದಳು. ಕೋಟೆಯ ವಿಷಯ ಯಾರಾದರೂ ಹೊಗಳಿದರೆ, "ಕಟ್ಟಿಸಿದ ರಾಜನಿಗೆ ಇಷ್ಟು ಕಲ್ಲು ಸಿಕ್ತು, ಒಂದು ರಸ್ತೆ ಮಾಡೂಕೆ ಪುರ್ಸೊತ್ತು ಸಿಕ್ಲಿಲ್ಲ" ಅನ್ನುವಳು.

ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಅವಳು. ಸೈಕಲ್ಲಿನ ಬಾರಿನ ಮೇಲೆ ಟವೆಲ್ಲು ಸುತ್ತಿ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದಳು. ಅವಳು ಬಿಟ್ಟು ಹೋದ ಮೇಲೆ ನಾನು ಹಿಂದಿನಿಂದ ಹೊಳೆಗೆ ಹೋಗುತ್ತಿದ್ದೆ. ಏಳನೆಯ ತರಗತಿಗೆ ನನ್ನ ಓದು ಮುಗಿಯಿತು. ಮದುವೆಯ ಮಾತು ಬಂದಾಗಲೆಲ್ಲ, "ಇವನೊಬ್ಬ ದಾರಿಗೆ ಬರ್ಲಿ" ಅಂದಳು. ನಾನು ಜೀಪು ಕಲಿತು, ಮದುವೆಯಾಗಿ, ದಾರಿಗೆ ಬಂದೆ ಅನ್ನುವಷ್ಟರಲ್ಲಿ ಅವಳ ಕೂದಲು ಹಣ್ಣಾಗಿತ್ತು.

ಸೈಕಲ್ಲಿನವರು ಬರಲಿಕ್ಕೆ ಶುರುವಾದದ್ದು ಆಮೇಲೆ. ಹುಬ್ಬಳ್ಳಿ, ಪುಣೆ, ಬೆಂಗಳೂರು ಎಲ್ಲ ಕಡೆಯಿಂದ. ದಪ್ಪ ಟಾಯರಿನ ಸೈಕಲ್ಲು, ಹೆಲ್ಮೆಟ್ಟು, ಬೆನ್ನಿಗೆ ನೀರಿನ ಚೀಲ. ಶಿರಸಿಯಿಂದ ಹೊರಟು, ಕೋಟೆ ನೋಡಿ, ನಮ್ಮ ಹೊಳೆಸಾಲಿನಲ್ಲಿ ಒಂದು ರಾತ್ರಿ ಉಳಿದು, ಹಳೆಯ ಊರುಗಳನ್ನು ದಾಟಿ ಯಲ್ಲಾಪುರದ ಕಡೆ ಹೋಗುವರು. ನಾವು ಖಡಿ ಖಡಿ ಎಂದು ಬೈಯುತ್ತಿದ್ದ ರಸ್ತೆಯನ್ನೇ ಅವರು ಗ್ರಾವೆಲ್ ಎಂದು ಹುಡುಕಿಕೊಂಡು ಬರುತ್ತಿದ್ದರು. ನಾನು ಜೀಪಿನಲ್ಲಿ ಅವರ ಸಾಮಾನು ಹೊತ್ತು ಹಿಂದೆ ಹೋಗುತ್ತಿದ್ದೆ. ಮೆಲ್ಲಗೆ ಮುಂದೆ ಹೋಗಿ ದಾರಿ ತೋರಿಸುವವನಾದೆ. ಮನೆಯ ಹಿಂದೆ ಮೂರು ಕೋಣೆ ಕಟ್ಟಿಸಿದೆ.

ಒಮ್ಮೆ ಶಿರಸಿಗೆ ತಿರುಗಿ ಹೊರಟ ಅವರ ಗುಂಪು ಕೋಟೆಯ ಕೆಳಗಿನ ಏರಿನಲ್ಲಿ ಸೈಕಲ್ ತಳ್ಳುತ್ತ ಏದುಸಿರು ಬಿಡುತ್ತಿತ್ತು. ಕೆಳಗಿನಿಂದ ಅಕ್ಕ ಖಾಲಿ ಚೀಲ ಕಟ್ಟಿಕೊಂಡು, ಹಾವಿನ ಹಾಗೆ ತಿರುಗಿಸುತ್ತ ಬಂದು, ಗಂಟೆ ಬಾರಿಸಿ ಎಲ್ಲರನ್ನೂ ದಾಟಿ ಮೇಲೆ ಹೋಗಿ ನಿಂತಳು. ಅವರು ಚಪ್ಪಾಳೆ ತಟ್ಟಿದರು. ಫೋಟೊ ತೆಗೆದರು. ಒಬ್ಬ ಹುಡುಗ, "ಆಂಟೀ, ನಿಮ್ಮ ರಸ್ತೆ ಸ್ವರ್ಗ" ಅಂದ.

"ಹೌದನಾ? ಹಂಗಾದ್ರೆ ದಿನ ತುಂಬಿದಾಗ ಹೆಂಡ್ತೀನ ಇಲ್ಲಿಗೇ ಕರ್ಕಂಡು ಬಾ. ಸ್ವರ್ಗದಲ್ಲೇ ಹೆರಿಗೆ ಆಗ್ಲಿ" ಅಂದಳು ಅಕ್ಕ.

ಅವರೆಲ್ಲ ನಕ್ಕರು. ನಾನೂ ನಕ್ಕೆ. ನಮ್ಮ ಕೆಳಗಿನ ಮನೆಯ ಸೊಸೆಗೆ ಜೀಪಿನಲ್ಲಿ, ಆ ಏರಿನಲ್ಲೇ ಹೆರಿಗೆಯಾಗಿ ಕೂಸು ಉಳಿಯಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಜೀಪು ನನ್ನದೇ.

ಆ ವರ್ಷ ರಸ್ತೆ ಅಳೆಯಲು ಎಂಜಿನಿಯರು ಬಂದರು. ಟಾರು ಹಾಕಬೇಕಾದರೆ ಎರಡೂ ಬದಿಗೆ ಅಗಲ ಬೇಕು, ಅಂಚಿನ ಜಾಗ ಬಿಟ್ಟುಕೊಡುತ್ತೇವೆ ಎಂದು ಎಲ್ಲ ಮನೆಯವರೂ ಸಹಿ ಮಾಡಿದ ಒಪ್ಪಿಗೆ ಪತ್ರ ಈ ತಿಂಗಳ ಕೊನೆಯೊಳಗೆ ಶಿರಸಿಗೆ ಬರಬೇಕು, ಇಲ್ಲದಿದ್ದರೆ ಕೆಲಸ ಬೇರೆ ಊರಿಗೆ ಹೋಗುತ್ತದೆ ಅಂದರು. ಅಕ್ಕ ಟಪಾಲಿನ ಜೊತೆಗೆ ಆ ಕಾಗದವನ್ನೂ ಹಿಡಿದು ಮನೆ ಮನೆ ತಿರುಗಿದಳು. ಬದು ಹೋಗುತ್ತದೆ ಎಂದವರ ಹತ್ತಿರ ಕೂತು ಮಾತಾಡಿದಳು. ಹೊಳೆತುದಿಯ ಮನೆಯ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಹೆಬ್ಬೆಟ್ಟು ಸಾಕಾಗಿತ್ತು. ಆದರೆ ಅಕ್ಕ ಬಿಡಲಿಲ್ಲ. ಎಂಟು ದಿನ ಟಪಾಲು ಮುಗಿಸಿ ಅಲ್ಲೇ ಕೂತು, ಕ್ಯಾಲೆಂಡರಿನ ಹಿಂದೆ ಬರೆಸಿ ಬರೆಸಿ, ಅಜ್ಜಿಗೆ ಅವಳ ಹೆಸರು ಬರೆಯಲು ಕಲಿಸಿದಳು. ಆ ಸಹಿ ಕಾಗದದ ಕಾಲು ಭಾಗ ಹಿಡಿದಿತ್ತು.

ತಿಂಗಳ ಕೊನೆಯ ದಿನ ಅಕ್ಕನಿಗೆ ಮುದುಕರ ಪಿಂಚಣಿ ಹಂಚುವುದಿತ್ತು. ಬೆಳಿಗ್ಗೆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು.

"ಎರಡು ಪ್ರತಿ ಅದೆ. ಒಂದರ ಮೇಲೆ ಮುದ್ರೆ ಹಾಕಿಸ್ಕಂಡು ಬಾ. ಮುದ್ರೆ ಇಲ್ದೆ ಬರ್ಬೇಡ, ಕಂಡ್ಯಾ?"

ಆ ದಿನ ಜೀಪಿನಲ್ಲಿ ಸೈಕಲ್ಲಿನವರ ಮುಖಂಡ ಇದ್ದ. ಅವನ ಕಾಲು ಉಳುಕಿತ್ತು. ದಾರಿಯಲ್ಲಿ ನಾನೇ ರಸ್ತೆಯ ಸುದ್ದಿ ತೆಗೆದೆ. ಅವನು ಹೊರಗೆ ನೋಡುತ್ತ, "ಟಾರು ಬಿದ್ದ ಮೇಲೆ ನಾವು ಇಲ್ಲಿಗೆ ಯಾಕೆ ಬರೋಣ ಸರ್?" ಅಂದ.

ಅವನು ನನ್ನನ್ನು ಸರ್ ಅನ್ನುತ್ತಿದ್ದ. ಅವರೆಲ್ಲರೂ ಅನ್ನುತ್ತಿದ್ದರು. ಏಳನೆಯ ತರಗತಿಗೆ ಶಾಲೆ ಬಿಟ್ಟವನನ್ನು ಊರಿನಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. ಊರಿನಲ್ಲಿ ನಾನು ಟಪಾಲಕ್ಕನ ತಮ್ಮ. ಹೊಟ್ಟೆಪಾಡು ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಅದು ಸುಳ್ಳು. ಶಿರಸಿಯಲ್ಲಿ ಅವನನ್ನು ಬಸ್ಸಿಗೆ ಹತ್ತಿಸಿದೆ. ಕಚೇರಿಯ ಎದುರು ಜೀಪು ನಿಲ್ಲಿಸಿದೆ. ಒಂದು ಚಾ ಕುಡಿದೆ. ಕವರನ್ನು ಡ್ರೈವರ್ ಸೀಟಿನ ಅಡಿಗೆ ತುರುಕಿ ಮನೆಗೆ ಬಂದೆ.

"ಮುದ್ರೆ?" ಅಂದಳು ಅಕ್ಕ.

"ಮುದ್ರೆ ಇರೂ ಕಪಾಟಿಗೆ ಬೀಗ ಹಾಕಿತ್ತಂತೆ. ಮುಟ್ಟಿದ್ದಕ್ಕೆ ಟಪಾಲಿನಲ್ಲೇ ಕಾಗದ ಕಳಿಸ್ತ್ರಂತೆ."

ಅವಳು ನಂಬಿದಳು. ಮೂವತ್ತು ವರ್ಷ ಊರಿನವರ ಕಾಗದ ತಂದುಕೊಟ್ಟವಳು ಮರುದಿನದಿಂದ ತನಗೊಂದು ಕಾಗದ ಕಾಯಲಿಕ್ಕೆ ಶುರುಮಾಡಿದಳು. ಕೋಟೆಯ ಬಾಗಿಲಿನ ಕಟ್ಟೆಯ ಮೇಲೆ ಚೀಲ ಸುರುವಿ, ಮೊದಲು ಕಂದು ಬಣ್ಣದ ಸರ್ಕಾರಿ ಲಕೋಟೆಗಳನ್ನು ಬೇರೆ ಮಾಡಿ ನೋಡುತ್ತಿದ್ದಳು. ಸಂಜೆ ಮನೆಗೆ ಬಂದು ಕ್ಲಿಪ್ಪು ಬಿಚ್ಚುತ್ತ, "ಇವತ್ತೂ ಬರ್ಲಿಲ್ಲ ತಮಾ" ಅನ್ನುವಳು. "ಬರ್ತದೆ ತಗಾ" ಅನ್ನುವೆ ನಾನು. ರಸ್ತೆಯ ಕೆಲಸ ಬೇರೆ ಊರಿಗೆ ಹೋಯಿತು. ಊರಿನವರು ಕಚೇರಿಯವರನ್ನು ಬೈದರು. ನಾನೂ ಸೇರಿಕೊಂಡು ಬೈದೆ.

ಒಂದು ವರ್ಷ ಕಳೆದ ಮೇಲೆ ಅವಳು ಬರಲಿಲ್ಲ ಅನ್ನುವುದನ್ನು ಬಿಟ್ಟಳು. ಬದಲಿಗೆ ನನ್ನನ್ನು ಕೇಳತೊಡಗಿದಳು.

"ಹೌದಾ ತಮಾ, ಆವತ್ತು ನೀನು ಯಾರ ಕೈಲಿ ಕೊಟ್ಟದ್ದು?"

"ಕನ್ನಡಕದವರೊಬ್ರು ಇದ್ರು."

"ಗಂಡಸೋ ಹೆಂಗಸೋ?"

"ಗಂಡಸು."

"ಎಂತ ಹೇಳಿದ್ರು ತಕಂಡು?"

ಎಂಟು ಹದಿನೈದು ದಿನಕ್ಕೊಮ್ಮೆ ಹೀಗೆ. ಪ್ರತಿ ಸಲವೂ ನಾನು ಒಂದಿಷ್ಟು ಸೇರಿಸುತ್ತಿದ್ದೆ. ಹಸಿರು ಫೈಲು, ತಿರುಗದ ಫ್ಯಾನು, ಕನ್ನಡಕದವರ ಕೆಮ್ಮು. ಅಕ್ಕ ಮೊಣಕೈಯ ಕಲ್ಲನ್ನು ಸರಿಸುತ್ತ ಪೂರ್ತಿ ಕೇಳುತ್ತಿದ್ದಳು. "ಕೆಮ್ಮಿಗೆ ಔಷಧಿ ಮಾಡ್ಲಿಲ್ವನಾ ಪಾಪ" ಅಂದು ಒಳಗೆ ಹೋಗುತ್ತಿದ್ದಳು. ನನ್ನ ಸುಳ್ಳು ಎಷ್ಟು ಗಟ್ಟಿಯಾಗಿದೆ ಎಂದು ಒಳಗೊಳಗೇ ಸಮಾಧಾನಪಟ್ಟಿದ್ದೇನೆ.

ಹೋದ ವರ್ಷ ದೀಪಾವಳಿ ಕಳೆದ ಒಂದು ಬೆಳಿಗ್ಗೆ, ಸೈಕಲ್ಲಿಗೆ ಗಾಳಿ ಹಾಕುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು. ಆಂಬುಲೆನ್ಸಿಗೆ ಫೋನು ಮಾಡಿದರೆ ಕೋಟೆಯವರೆಗೆ ಬರುತ್ತೇವೆ, ಅಲ್ಲಿಗೆ ಕರೆತನ್ನಿ ಅಂದರು. ನಾನು ಅವಳನ್ನು ಜೀಪಿನ ಹಿಂದೆ ಮಲಗಿಸಿದೆ. ನನ್ನ ಹೆಂಡತಿ ತಲೆ ಹಿಡಿದು ಕೂತಳು. ಮಳೆಗಾಲ ರಸ್ತೆಯನ್ನು ಕಿತ್ತುಹಾಕಿತ್ತು. ಮೊದಲ ಗುಂಡಿಗೇ ಜೀಪು ಎತ್ತಿ ಒಗೆಯಿತು.

"ನಿಧಾನ" ಅಂದಳು ಅಕ್ಕ. ಕಣ್ಣು ಮುಚ್ಚಿಕೊಂಡಿದ್ದಳು. "ಈಗ ಮೋರಿ ಬರ್ತದೆ. ಬಲಕ್ಕೆ ಹಿಡಿ."

ಬಲಕ್ಕೆ ಹಿಡಿದೆ. "ಹಲಸಿನ ಮರ ದಾಟಿದ ಮೇಲೆ ಎಡಕ್ಕೆ ಗುಂಡಿ ಅದೆ." ಇತ್ತು. ಕಣ್ಣು ಬಿಡದೆ ಅವಳು ಒಂದೊಂದೇ ಗುಂಡಿ, ಒಂದೊಂದೇ ತಿರುವು ಹೇಳುತ್ತ ಹೋದಳು. ಅವಳು ಹೇಳಿದ ಹಾಗೆ ನಾನು ತಿರುಗಿಸುತ್ತ ಹೋದೆ. ನಾನು ಕೂತ ಸೀಟಿನ ಅಡಿಯಲ್ಲಿ ಆ ಕವರು ಹಾಗೇ ಇತ್ತು. ಏರು ಶುರುವಾಗುವಲ್ಲಿ, "ಇಲ್ಲಿ ಖಡಿ ಸಡ್ಲ ಅದೆ. ನೇರ ಹತ್ತಿಸ್ಬೇಡ" ಅಂದಳು. ಚಕ್ರ ಜಾರಿತು. ಹಿಂದಕ್ಕೆ ಬಂದು ಮತ್ತೆ ಹತ್ತಿಸಿದೆ. ಮತ್ತೆ ಜಾರಿತು. ಮೂರನೆಯ ಸಲ ಹತ್ತಿತು. ಮುಂದಿನ ತಿರುವಿಗೆ ಯಾವ ಬದಿ ಎಂದು ಕಾದೆ. ಅವಳು ಹೇಳಲಿಲ್ಲ.

"ಅಕ್ಕಾ, ಈಗ ಯಾವ ಬದಿಗೆ?" ಎಂದು ಕೇಳಿದೆ. ಹಿಂದಿನಿಂದ ನನ್ನ ಹೆಂಡತಿ ಅಳತೊಡಗಿದಳು.

ಹನ್ನೆರಡನೆಯ ದಿನ ಕಳೆದ ಮೇಲೆ ಅಕ್ಕನ ಟ್ರಂಕು ತೆಗೆದೆವು. ಸೀರೆಗಳ ಅಡಿಯಲ್ಲಿ ಕಂದು ಬಣ್ಣದ ಲಕೋಟೆ ಇತ್ತು. ಅವಳು ನನಗೆ ಹೇಳದೆ ಕಚೇರಿಗೆ ರಿಜಿಸ್ಟರ್ ಕಾಗದ ಹಾಕಿ ಕೇಳಿದ್ದಳು. ಅದಕ್ಕೆ ಬಂದ ಉತ್ತರ. ನಿಮ್ಮ ಊರಿನಿಂದ ಯಾವುದೇ ಒಪ್ಪಿಗೆ ಪತ್ರ ಈ ಕಚೇರಿಗೆ ಬಂದಿರುವುದಿಲ್ಲ ಎಂದು ಎರಡೇ ಸಾಲು. ತಾರೀಕು ನೋಡಿದೆ. ಅವಳು ಹೋಗುವ ಒಂಬತ್ತು ತಿಂಗಳ ಹಿಂದಿನದು. ಯಾರ ಕೈಲಿ ಕೊಟ್ಟೆ ಎಂದು ಕೇಳಲು ಶುರುಮಾಡಿದ್ದು ಅದೇ ವಾರ.

ಹೊಸದಾಗಿ ಸಹಿ ಮಾಡಿಸಲು ಅವಳಿಗೆ ಏನೂ ಕಷ್ಟವಿರಲಿಲ್ಲ. ಆದರೆ ಮೊದಲಿನದು ಎಲ್ಲಿ ಹೋಯಿತು ಎಂದು ಉಳಿದ ನಲವತ್ತು ಮನೆಯಲ್ಲಿ ಹೇಳಬೇಕಿತ್ತು. ಅವಳು ಹೇಳಲಿಲ್ಲ. ನಾನೇ ಹೇಳಲಿ ಎಂದು ಒಂಬತ್ತು ತಿಂಗಳು ಬಾಗಿಲು ತೆರೆದಿಟ್ಟು ಕೂತಿದ್ದಳು. ನಾನು ಆ ಬಾಗಿಲಿನಲ್ಲಿ ನಿಂತು ಕೆಮ್ಮಿನ ಕಥೆ ಹೇಳುತ್ತಿದ್ದೆ.

ಸೀಟಿನ ಅಡಿಯ ಹಳೆಯ ಒಪ್ಪಿಗೆ ಪತ್ರವನ್ನು ಕಚೇರಿಗೆ ಒಯ್ದೆ. ಅವಧಿ ಮುಗಿದಿದೆ, ಮೊದಲ ಸಹಿ ಮಾಡಿದ ನಿಮ್ಮ ಅಕ್ಕನೇ ಈಗಿಲ್ಲ, ಹೊಸದು ತನ್ನಿ ಅಂದರು. ಈಗ ಅಕ್ಕನ ಸೈಕಲ್ಲಿನಲ್ಲಿ ಮನೆ ಮನೆ ಹೋಗುತ್ತಿದ್ದೇನೆ. ಮೊದಲು ನಡೆದದ್ದು ಹೇಳುತ್ತೇನೆ, ಆಮೇಲೆ ಕಾಗದ ಚಾಚುತ್ತೇನೆ. ಕೆಲವರು ಸಹಿ ಮಾಡಿದರು. ಒಬ್ಬರು ಅಂಗಳದಿಂದ ಒಳಗೆ ಕರೆಯಲಿಲ್ಲ. ಕೂಸು ಕಳೆದುಕೊಂಡ ಕೆಳಗಿನ ಮನೆಯ ಸೊಸೆ ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದಳು. ಆಮೇಲೆ ಸಹಿ ಹಾಕಿ ಪೆನ್ನನ್ನು ನೆಲಕ್ಕೆ ಇಟ್ಟಳು, ಕೈಗೆ ಕೊಡಲಿಲ್ಲ.

ಮೊನ್ನೆ ಹೊಳೆತುದಿಯ ಅಜ್ಜಿಯ ಮನೆಗೆ ಹೋಗಿದ್ದೆ. ಅವಳು ಎಲ್ಲ ಕೇಳಿಸಿಕೊಂಡಳು. ಹಳೆಯ ಪತ್ರ ತೋರಿಸು ಅಂದಳು. ಕಾಲು ಭಾಗ ಹಿಡಿದ ತನ್ನ ಹೆಸರಿನ ಮೇಲೆ ಬೆರಳು ಆಡಿಸಿದಳು. ನಾನು ಹೊಸ ಕಾಗದ ಮುಂದಿಟ್ಟು ಪೆನ್ನು ಕೊಟ್ಟೆ.

"ಪೆನ್ನು ಬೇಡ. ಶಾಯಿ ತಂದಿದ್ಯಾ?" ಅಂದಳು.

"ನಿಮಗೆ ಸಹಿ ಬರ್ತದಲ್ಲ ಅಜ್ಜಿ."

"ಬರ್ತದೆ. ಅದು ಅವಳಿಗೆ ಮಾಡಿದ್ದು." ಎಡಗೈಯ ಹೆಬ್ಬೆರಳನ್ನು ನನ್ನ ಮುಂದೆ ಚಾಚಿದಳು. "ನಿಂಗೆ ಇದು."